ಹಸಿರು ಗಂಜಿ

ಅವಳು ಕೆಲಸ ಮುಗಿಸಿ ಗುಡ್ಡದಿಂದ ಇಳಿದು ಬಂದಾಗ ದರ್ಜಿಯ ಹೆಂಡತಿ ಹೊಸ್ತಿಲಲ್ಲಿ ಕೂತು, ಬೆಳಿಗ್ಗೆ ತಾನೇ ಬಿಗಿದು ಕಟ್ಟಿದ್ದ ಹಾಸಿಗೆಯ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದಳು.

“ಯಾಕಕ್ಕಾ, ಶಾಲೆಗೆ ಹೋಗಲ್ವಾ? ಮೋಡ ನೋಡು, ಹೆಂಗೆ ಕವಿದಿದೆ.”

“ಇನ್ಯಾಕೆ ಹೋಗ್ಬೇಕು? ಗುಡ್ಡಕ್ಕೆ ಹುಲ್ಲು ಹಿಡಿದಿದೆ, ಒಂದು ಹಿಡಿ ಮಣ್ಣೂ ಕೆಳಗೆ ಬರಲ್ಲ ಅಂತ ನಿಮ್ಮಾವ ಮನೆಮನೆಗೂ ಹೇಳ್ಕೊಂಡು ಹೋದ್ರು. ನಾನೂ ಕಣ್ಣಾರೆ ನೋಡಿದೆ. ಆ ಹಾಲ್‌ನಲ್ಲಿ ಊರಿಗೆಲ್ಲಾ ಒಂದೇ ಬಚ್ಚಲು, ಹೋದ ವರ್ಷ ಅದರ ಮುಂದೆ ಚೊಂಬು ಹಿಡ್ಕೊಂಡು ನಿಂತಿದ್ದು ಸಾಕಮ್ಮಾ.” ಗಂಟು ಬಿಚ್ಚಿಕೊಂಡಿತು. “ಎಲ್ಲಾ ನಿನ್ನ ಕೈಗುಣ.”

ಅವಳು ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೂ ಹಸಿರು ಬಣ್ಣ ಮೆತ್ತಿತ್ತು. ಏನೋ ಹೇಳಲು ಬಾಯಿ ತೆರೆದು, ಮೊದಲು ಮಾವನ ಹತ್ತಿರ ಮಾತಾಡೋಣ ಎಂದುಕೊಂಡು ಮುಂದೆ ನಡೆದಳು. ಪಕ್ಕದ ಮನೆಯಲ್ಲೂ ಪಾತ್ರೆಗಳನ್ನು ಮತ್ತೆ ಗೂಡಿಗೆ ಜೋಡಿಸುವ ಸದ್ದು ಕೇಳುತ್ತಿತ್ತು.

ಗುಡ್ಡದ ಬುಡಕ್ಕೆ ಅಂಟಿಕೊಂಡಿದ್ದ ಆ ಒಂದು ಸಾಲು ಮನೆಗಳು ಹಿಂದೆ ತಾಮ್ರ ಕರಗಿಸುವ ಕಾರ್ಖಾನೆಯವರಿಗೆಂದು ಕಟ್ಟಿದವು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಅದರ ಹೊಗೆ ಸುಟ್ಟ ಇಳಿಜಾರು ಮಾತ್ರ ಹುಲ್ಲುಕಡ್ಡಿಯೂ ಇಲ್ಲದೆ ಹಾಗೆಯೇ ಉಳಿದಿತ್ತು. ಎಲ್ಲರೂ ಅದನ್ನು ಬೋಳುತಲೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ಬೋಳುತಲೆಯ ಮಣ್ಣು ಹಿತ್ತಿಲಿಗೆ ಇಳಿಯುವುದು ವಾಡಿಕೆ. ಹೋದ ವರ್ಷ ಕೊನೆಯ ಮನೆಯ ಅಡುಗೆಕೋಣೆಯ ಗೋಡೆಯನ್ನೇ ನೂಕಿಕೊಂಡು ಒಳಗೆ ಬಂದಿತ್ತು. ಅದಕ್ಕೇ ಈ ಸಲ, ಮೊದಲ ಜೋರು ಮಳೆಗೆ ಮುಂಚೆ ಎಲ್ಲರೂ ಶಾಲೆಯ ಹಾಲ್‌ಗೆ ಹೋಗಬೇಕೆಂದು ಪಂಚಾಯಿತಿಯವರು ಹೇಳಿಹೋಗಿದ್ದರು.

ಅವಳ ಕೆಲಸ ಆ ಇಳಿಜಾರಿಗೆ ಪೈಪಿನಿಂದ ಗಂಜಿ ಹೊಡೆಯುವುದು. ಹುಲ್ಲಿನ ಬೀಜ, ಗೊಬ್ಬರ, ಕಾಗದದ ಪುಡಿ, ಅಂಟು ಎಲ್ಲವನ್ನೂ ಟ್ಯಾಂಕರ್‌ನಲ್ಲಿ ಕಲಸಿದ್ದಕ್ಕೆ ಕೆಲಸದವರು ಗಂಜಿ ಎನ್ನುತ್ತಿದ್ದರು. ಎಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟುಹೋಗಿದೆ ಎಂದು ಹೊಡೆಯುವವರಿಗೆ ಕಾಣಲಿ ಅಂತ ಅದಕ್ಕೆ ಹಸಿರು ಬಣ್ಣ ಬೆರೆಸುತ್ತಾರೆ. ಅಷ್ಟೇ. ಮೇಲಿನ ಭಾಗಕ್ಕೆ ಮಣ್ಣು ಹಿಡಿದಿಡುವ ನಾರಿನ ಬಲೆ ಹೊದಿಸುವುದು ಇನ್ನೂ ಬಾಕಿಯಿತ್ತು. ಒಂದು ಮೊಳಕೆಯೂ ಒಡೆದಿರಲಿಲ್ಲ.

ಮಾವ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಗುಡ್ಡದ ಕಡೆ ಮುಖ ಮಾಡಿ ಕೂತಿದ್ದರು. ಆ ಕಾರ್ಖಾನೆಯ ಕುಲುಮೆಯ ಬಾಯಲ್ಲಿ ಕೆಲಸ ಮಾಡಿದ ಕಣ್ಣು. ಈಗ ಬಣ್ಣ ಕಾಣುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ಸಾಲಿನ ಹಳಬರು ಬೆಳಿಗ್ಗೆ ಅವರನ್ನು ರೇಗಿಸಿದ್ದರು: “ತಲೆ ಬೋಳಿಸಿದೋರೂ ಇವರೇ, ಈಗ ಸೊಸೆ ಕೈಲಿ ಎಣ್ಣೆ ಹಚ್ಚಿಸ್ತಿರೋರೂ ಇವರೇ!” ಮಾವ ಎಷ್ಟು ನಕ್ಕಿದ್ದರೆಂದರೆ ಕೆಮ್ಮು ಹತ್ತಿ ನೀರು ಕುಡಿಸಬೇಕಾಗಿ ಬಂದಿತ್ತು.

ಟ್ಯಾಂಕರ್ ಓಡಿಸುವ ಗಂಡ ಒಳಗೆ ಅಂಗಾತ ಮಲಗಿದ್ದ. ಅದು ಹುಲ್ಲಲ್ಲ ಎಂದು ಮಾವನಿಗೆ ಹೇಳಿಬಿಡುತ್ತೇನೆ ಎಂದು ಅವಳು ಅಂದಾಗ ಕಣ್ಣು ತೆರೆಯದೆಯೇ ಹೇಳಿದ, “ಬಿಡೇ. ಅಪ್ಪ ಹಂಗೆ ನಕ್ಕಿದ್ದು ನಾನು ನೋಡೇ ಇಲ್ಲ. ಮಳೆ ಬರುತ್ತೋ ಇಲ್ವೋ.”

“ಬಂದ್ರೆ?”

ಅವನು ಗೋಡೆಯ ಕಡೆ ಹೊರಳಿದ. ಅವಳಿಗೆ ಬೆನ್ನು ನೋಯುತ್ತಿತ್ತು. ತಾನು ಹೇಳಿ, ಎಲ್ಲರೂ ಹೊತ್ತುಕೊಂಡು ಹೋಗಿ, ಮಳೆ ಬಾರದೇ ಹೋದರೆ? ಬಾರದಿದ್ದರೆ ಬೈಸಿಕೊಂಡರಾಯಿತು ಎಂದುಕೊಂಡಳು. ಇವತ್ತು ಮಾವನಿಗೆ ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಕೆಲವು ದಿನ ಕಳೆದಿದ್ದವು. ಅವಳು ಹೊರಗೆ ಬಂದಳು.

“ಮಾವ, ಸ್ವಲ್ಪ ನನ್ ಜೊತೆ ಗುಡ್ಡಕ್ಕೆ ಬನ್ನಿ.”

“ಈಗಲಾ? ನಿನಗೆ ಸುಸ್ತಾಗಿಲ್ವೇನಮ್ಮಾ?”

“ಆಗಿದೆ. ಬನ್ನಿ.”

ಮೋರಿ ದಾಟಿದರೆ ಗುಡ್ಡವೇ. ಕೆಳಗಿನ ಪಟ್ಟಿಗೆ ಅವಳು ಆವತ್ತು ಮಧ್ಯಾಹ್ನವಷ್ಟೇ ಹೊಡೆದಿದ್ದಳು, ಇನ್ನೂ ಒದ್ದೆಯಿತ್ತು. ಹಸಿರಿನ ಅಂಚಿಗೆ ಬಂದ ಕೂಡಲೆ ಮಾವ ನಿಂತು, ಅವಳ ಭುಜ ಹಿಡಿದುಕೊಂಡು ಚಪ್ಪಲಿ ಬಿಟ್ಟರು.

“ಯಾಕೆ ಮಾವ?”

“ಎಳೇ ಹುಲ್ಲು ಕಣಮ್ಮ. ಚಪ್ಪಲಿ ಕಾಲಲ್ಲಿ ತುಳೀಬಾರದು.”

“ಮುಟ್ಟಿ ನೋಡಿ,” ಎಂದಳು.

ಮಾವ ಕುಕ್ಕರುಗಾಲಲ್ಲಿ ಕೂತು, ಮಗುವಿನ ನೆತ್ತಿಯ ಮೇಲೆ ಇಡುವ ಹಾಗೆ ಅಂಗೈ ಇಟ್ಟರು. ಆಮೇಲೆ ಬೆರಳುಗಳು ಹುಡುಕತೊಡಗಿದವು. ಅಲ್ಲಿ, ಇಲ್ಲಿ, ಇನ್ನೂ ಸ್ವಲ್ಪ ಆಚೆ.

“ಎಲ್ಲಿ?”

“ಬೀಜ ಒಳಗಿದೆ ಮಾವ. ಇನ್ನೂ ಹುಟ್ಟಿಲ್ಲ. ಇದು ಬಣ್ಣ.”

“ಬಣ್ಣಾನಾ?”

“ಹೂಂ.”

“ಹುಟ್ಟುತ್ತಾ?”

“ಗೊತ್ತಿಲ್ಲ. ಸುಣ್ಣ ಹಾಕಿ ಮಣ್ಣಿನ ಹುಳಿ ಕಳೆದಿದೀವಿ. ಮಳೆ ಮೆಲ್ಲಗೆ ಹಿಡಿದ್ರೆ ಹುಟ್ಟಬಹುದು. ಇವತ್ತೇ ಜೋರಾಗಿ ಬಂದ್ರೆ ಎಲ್ಲಾ ಕೊಚ್ಕೊಂಡು ಕೆಳಗೆ ಬರುತ್ತೆ, ಮಣ್ಣೂ ಸೇರಿ.”

“ಮೊದಲೇ ಯಾಕೆ ಹೇಳ್ಲಿಲ್ಲ ನೀನು?”

ಮಾವ ಅಂಗೈಯನ್ನು ಮೂಗಿನ ಹತ್ತಿರ ತಂದು, ಕಣ್ಣು ಕಿರಿದು ಮಾಡಿ ನೋಡಿದರು. “ನಮ್ಮ ಕಾಲದಲ್ಲಿ ಕರಿ ಹತ್ತೋದು. ಎಷ್ಟು ತಿಕ್ಕಿದ್ರೂ ಹೋಗ್ತಿರ್ಲಿಲ್ಲ,” ಎಂದರು. ಮಂಡಿಯ ಮೇಲೆ ಕೈಯೂರಿ ಎದ್ದರು. ಪಂಚೆಗೆ ಹಸಿರು ಹತ್ತಿತು.

“ನಾನು ಹೋಗಿ ಎಲ್ಲರಿಗೂ ಹೇಳ್ತೀನಿ ಮಾವ. ನೀವು ಮನೇಗೆ ಹೋಗಿ ಕೈ ತೊಳ್ಕೊಳ್ಳಿ.”

“ಬೇಡ. ಹೇಳಿದ ಬಾಯಿ ನಂದು.”

ಅವರು ಬರಿಗಾಲಲ್ಲೇ ಮೋರಿ ದಾಟಿದರು. ಅವಳು ಚಪ್ಪಲಿ ಎತ್ತಿಕೊಂಡಳು. ದರ್ಜಿಯ ಹೆಂಡತಿಯ ದನಿ ಅಲ್ಲಿಯವರೆಗೂ ಕೇಳಿಸಿತು: “ಬಿಚ್ಚು ಅಂದೋರೂ ನೀವೇ, ಕಟ್ಟು ಅನ್ನೋರೂ ನೀವೇ! ನಮಗೇನು ಬೇರೆ ಬದುಕಿಲ್ವಾ?” ಮಾವ ಏನು ಹೇಳಿದರೋ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಆ ಹೆಂಗಸಿನದೇ ದನಿ, ಇಳಿದ ಸ್ವರದಲ್ಲಿ, “ಆ ಹಗ್ಗ ತಾ ಇಲ್ಲಿ,” ಎಂದು ದರ್ಜಿಯನ್ನು ಕೂಗಿತು.

ಅವಳು ಸಾಲಿಗೆ ಬರುವಷ್ಟರಲ್ಲಿ ಮಾವ ಕೊನೆಯ ಮನೆ ತಲುಪಿದ್ದರು. ಗಂಡ ಎದ್ದು ಬಂದು ಹಾಸಿಗೆ ಸುತ್ತುತ್ತಿದ್ದ. ಅವಳ ಮುಖ ನೋಡಲಿಲ್ಲ. ಮನೆಗಳಿಂದ ಗಂಟುಗಳು, ಕೊಡಗಳು, ಒಂದು ಹೊಲಿಗೆ ಯಂತ್ರ ಒಂದೊಂದಾಗಿ ಹೊರಗೆ ಬಂದವು. ಯಾರೂ ಅವಳನ್ನು ಏನೂ ಕೇಳಲಿಲ್ಲ.

ದರ್ಜಿಯ ಬಾಗಿಲ ಮೇಲೆ, ಮಾವ ತಟ್ಟಿದ ಕಡೆ, ಐದೂ ಬೆರಳು ಮೂಡಿದ ಹಸಿರು ಅಂಗೈ ಇತ್ತು. ಪಕ್ಕದ ಬಾಗಿಲಲ್ಲಿ ಅದು ಸ್ವಲ್ಪ ತಿಳಿಯಾಗಿತ್ತು. ಅದರಾಚೆಯದರಲ್ಲಿ ಬೆರಳ ತುದಿಗಳಷ್ಟೇ. ಅವಳು ಚಪ್ಪಲಿ ಹಿಡಿದುಕೊಂಡು ನೋಡುತ್ತ ನಿಂತಳು. ಗಾಳಿ ತಿರುಗಿತು. ಓರೆಯಾಗಿ ಬಂದ ದಪ್ಪ ಹನಿಯೊಂದು ಮೊದಲ ಬಾಗಿಲಿಗೆ ಬಡಿಯಿತು. ಹಸಿರು ಕಿರುಬೆರಳು ಉದ್ದವಾಗಿ, ಮೆಲ್ಲಗೆ ಹೊಸ್ತಿಲಿನ ಕಡೆ ಇಳಿಯತೊಡಗಿತು.