ಸುಣ್ಣ ತಿಂದ ಹೆಬ್ಬೆರಳು

“ಯಾರೇ ಬರ್ದಿದ್ದು? ದುಡ್ಡು ಕೊಟ್ಟು ಯಾರನ್ನ ಕೂರ್ಸಿದ್ರಿ, ಬೊಗಳು!”

ಕನ್ನಡಕದ ಅಧಿಕಾರಿ ನನ್ನ ತಂಗಿಯ ಮಣಿಕಟ್ಟು ಹಿಡಿದು ಅವಳ ಹೆಬ್ಬೆರಳನ್ನು ಯಂತ್ರದ ಗಾಜಿನ ಮೇಲೆ ಒತ್ತಿದ. ಕೆಂಪು ದೀಪ. ಅವಳ ಲಂಗಕ್ಕೇ ಒರೆಸಿ ಮತ್ತೆ ಒತ್ತಿದ. ಕೆಂಪು ದೀಪ. ಮೂರನೆಯ ಸಲ ಅವಳು ಅಮ್ಮಾ ಎಂದು ಚೀರಿದಳು.

“ನಾನೇ ಬರ್ದಿದ್ದು ಸಾರ್.”

“ನೀನೇ ಬರ್ದಿದ್ರೆ ಬೆರಳ ಗೆರೆ ಎಲ್ಲೋಯ್ತು? ನಾಯಿ ನೆಕ್ತಾ?”

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವರ ಅಪ್ಪ ಅಮ್ಮಂದಿರೂ ನಕ್ಕರು.

ಪ್ರವೇಶ ಪರೀಕ್ಷೆಯ ದಿನ ಎಲ್ಲರ ಹೆಬ್ಬೆಟ್ಟು ತೆಗೆದುಕೊಂಡಿದ್ದರು. ಸೀಟು ಹಿಡಿಯುವ ದಿನ ಅದೇ ಬೆರಳು ಕೂಡಿಬರಬೇಕು. ಒಬ್ಬೊಬ್ಬರನ್ನು ಕರೆಯುವ ಮೊದಲು ಅಧಿಕಾರಿಯೂ ತನ್ನ ಹೆಬ್ಬೆರಳನ್ನು ಅದೇ ಗಾಜಿಗೆ ಒತ್ತಬೇಕು. ಅವನದಕ್ಕೆ ಹಸಿರು ದೀಪ ಹತ್ತಿದರೆ ಮಾತ್ರ ಯಂತ್ರ ಬಾಯಿ ಬಿಡುತ್ತದೆ. ಅವನ ಬೆರಳು ಬೆಣ್ಣೆಯಂತಿತ್ತು, ಒಮ್ಮೆಯೂ ತಪ್ಪಲಿಲ್ಲ.

ನಾವು ಚರ್ಮ ಹದ ಮಾಡುವವರು. ಹಸಿ ಚರ್ಮವನ್ನು ಸುಣ್ಣದ ಗುಂಡಿಯಲ್ಲಿ ನೆನೆಹಾಕಿದರೆ ಕೂದಲು ತಾನಾಗಿ ಕಳಚಿಕೊಳ್ಳುತ್ತದೆ. ಎತ್ತಿನ ಚರ್ಮ ಯಾವುದು, ಎತ್ತುವವನ ಚರ್ಮ ಯಾವುದು ಎಂದು ಸುಣ್ಣ ಕೇಳುವುದಿಲ್ಲ. ನನ್ನ ಹತ್ತು ಬೆರಳೂ ಬೇಯಿಸಿ ಸುಲಿದ ಆಲೂಗಡ್ಡೆಯಂತಿವೆ. ತಂಗಿ ಓದುವಷ್ಟು ಕಾಲ ಅಮ್ಮ ಅವಳನ್ನು ಗುಂಡಿಯ ಹತ್ತಿರ ಸುಳಿಯಗೊಡಲಿಲ್ಲ. ಪರೀಕ್ಷೆ ಮುಗಿದ ಮರುದಿನ ಗುಂಡಿಯ ಮಾಲೀಕ ಬಂದು ನಮ್ಮ ಬಾಗಿಲಿಗೆ ಒದ್ದ.

“ನನ್ನ ಸೂರಿನ ಕೆಳಗೆ ಮೂರು ಜನ ಮಲಗ್ತೀರ, ಇಬ್ರೇ ದುಡೀತೀರ. ನಾಳೆಯಿಂದ ಅವಳೂ ಇಳೀಬೇಕು, ಇಲ್ಲ ಮನೆ ಖಾಲಿ ಮಾಡಿ.”

ಅವಳು ಇಳಿದಳು. ಫಲಿತಾಂಶ ಬಂದಾಗ ಮೊಣಕಾಲು ಮಟ್ಟ ಸುಣ್ಣದಲ್ಲಿದ್ದಳು. ಮೇಲಿಂದ ಯಾರೋ ಕೂಗಿ ಹೇಳಿದ್ದನ್ನು ಕೇಳಿ, “ಅಮ್ಮಾ, ಕಟಾಫು!” ಎಂದು ಅರಚಿಕೊಂಡು ಹತ್ತಿ ಬಂದಳು. ಅಮ್ಮ ಎದ್ದೆನೋ ಬಿದ್ದೆನೋ ಎಂದು ಓಡಿ ಅವಳ ಎರಡೂ ಕೈ ಹಿಡಿದು ಬೆರಳು ಎಣಿಸತೊಡಗಿದಳು. ನಮ್ಮಲ್ಲಿ ಕಟ್ ಆಯಿತು ಎಂದರೆ ಚರ್ಮದಿಂದ ಮಾಂಸ ಕೆರೆಯುವ ಯಂತ್ರ ಯಾರದೋ ಬೆರಳು ತೆಗೆದುಕೊಂಡಿತು ಎಂದೇ ಅರ್ಥ. “ಬೆರಳಲ್ಲ ಕಣಮ್ಮ, ಮಾರ್ಕ್ಸು! ಕಟಾಫ್ ದಾಟ್ಬಿಟ್ಟೆ!” ಅಂದಾಗ ಗುಂಡಿಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಮ್ಮ ಆ ಕೈ ಬಿಡದೆ ಅತ್ತಳು.

ತಂಗಿಗೆ ಬೇಕಾದದ್ದು ಬಯೋಮೆಡಿಕಲ್ ಓದು, ರಕ್ತ ಮತ್ತು ರೋಗಾಣುಗಳ ಓದು. ಕೆಲ ವರ್ಷಗಳ ಹಿಂದೆ, ಹಸಿ ಚರ್ಮ ಹೊರುತ್ತಿದ್ದ ನಮ್ಮಪ್ಪನ ಕತ್ತಿನ ಮೇಲೆ ಕಪ್ಪು ಹುಣ್ಣೊಂದು ಎದ್ದಿತು. ವಾರ ತುಂಬುವುದರೊಳಗೆ ಅವನು ಸತ್ತ. ಡಾಕ್ಟರು ಕೈಗೆ ಚೀಲ ಕಟ್ಟಿಕೊಂಡೂ ಮುಟ್ಟಲಿಲ್ಲ. ಅದೇನೆಂದು ತಿಳಿದೇ ತೀರುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ಆ ಕೋರ್ಸಿನ ಸೀಟುಗಳು ಬೆರಳೆಣಿಕೆಯಷ್ಟು, ಬಯಸುವವರು ಸಾವಿರಾರು. ಅಲ್ಲಿ ಪರೀಕ್ಷೆಯ ಅಂಕ ಬಿಟ್ಟರೆ ನಮ್ಮಂಥವರ ಕೈಯಲ್ಲಿ ಬೇರೇನೂ ಇರಲಿಲ್ಲ.

“ಸಾರ್, ಸುಣ್ಣ ಬೆರಳು ತಿಂದ್ಬಿಟ್ಟಿದೆ,” ಎಂದೆ. “ಫೋಟೋ ನೋಡಿ ಸಾರ್. ಈಗ ಒಬ್ಬ ಹುಡುಗನ್ನ ಫೋಟೋ ನೋಡೇ ಬಿಟ್ರಲ್ಲ?”

ನಮಗಿಂತ ಮುಂದಿದ್ದ ಆ ಹುಡುಗನ ಹೆಬ್ಬೆರಳಿಗೆ ಬ್ಯಾಂಡೇಜಿತ್ತು. ಆಟದಲ್ಲಿ ಮುರಿದದ್ದಂತೆ. ಅವನನ್ನು ಬೆನ್ನು ತಟ್ಟಿ ಕಳಿಸಿದ್ದರು.

“ಅವನಿಗೂ ನಿಮಗೂ ಹೋಲ್ಸ್ತೀಯೇನೋ ಬೋಳಿಮಗನೆ? ಅವನು ಕಟಾಫ್ ಮೇಲೆ ಒಂದೆರಡು ಮಾರ್ಕ್ಸ್ ತಗೊಂಡಿದಾನೆ. ನಂಬೋ ಥರ ಇದೆ. ಇವಳದ್ದು ಮೂವತ್ತೆಂಟು ಜಾಸ್ತಿ! ಚರ್ಮ ಕೆರೆಯೋಳಿಗೆ ಮೂವತ್ತೆಂಟು ಜಾಸ್ತಿ!”

“ಈಗ್ಲೇ ಬೇರೆ ಪ್ರಶ್ನೆ ಕೊಡಿ ಸಾರ್,” ಎಂದಳು ತಂಗಿ. “ನಿಮ್ಮೆದುರೇ ಬರೀತೀನಿ. ಅಷ್ಟು ಬರ್ಲಿಲ್ಲ ಅಂದ್ರೆ ಜೈಲಿಗೆ ಹಾಕಿ.”

ಅವನು ಅವಳ ಕೆನ್ನೆಗೆ ಬಾರಿಸಿದ. ನಾನು ಮೇಜಿನ ಮೇಲಿಂದ ಹಾರಿ ಅವನ ಕುತ್ತಿಗೆಪಟ್ಟಿಗೆ ಕೈ ಹಾಕಿದೆ. ಕಾವಲಿನವರು ನನ್ನನ್ನು ನೆಲಕ್ಕೆ ಕೆಡವಿ, ಬೂಟುಗಾಲಲ್ಲಿ ದವಡೆಗೆ ಒದ್ದರು. ಬಾಯಲ್ಲಿ ಒಂದು ಹಲ್ಲು ಸಡಿಲಾಗಿ ನಾಲಗೆಗೆ ಬಂತು. ಅದನ್ನು ಅವರ ತೊಳೆದ ನೆಲದ ಮೇಲೆ ಉಗಿದೆ. ತಂಗಿಯನ್ನು ಜಡೆ ಹಿಡಿದು ಗೇಟಿನವರೆಗೆ ಎಳೆದರು.

“ನಾಳೆ ಮಧ್ಯಾಹ್ನದೊಳಗೆ ಬರ್ದೋರ ಹೆಸರು ಹೇಳಿ ಸೀಟು ಬಿಟ್ಕೊಡು,” ಎಂದು ಅಧಿಕಾರಿ ಮೆಟ್ಟಿಲ ಮೇಲಿಂದ ಕೂಗಿದ. “ಇಲ್ಲಾಂದ್ರೆ ಪೊಲೀಸ್ರು ಬಂದು ಕೇಳ್ತಾರೆ.”

ಸಂಜೆ ಬಚ್ಚಲಿನಲ್ಲಿ ತಂಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಬ್ಲೇಡು. ಹೆಬ್ಬೆರಳ ಮೇಲೆ ಗೆರೆ ಕೊರೆಯುತ್ತಿದ್ದಳು. ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

“ಸುತ್ತು ಸುತ್ತಾಗಿ ಇರ್ಬೇಕು ಅಣ್ಣ. ಒಂದು ಸುತ್ತು ಕೂಡ್ಬಂದ್ರೂ ಸಾಕು.”

ನಾನು ಅಮ್ಮನನ್ನು ಕೂಗಿದೆ. ಅಮ್ಮ ಬಂದು ಬ್ಲೇಡು ಕಿತ್ತೆಸೆದು, ಮೊದಲು ಅವಳ ಬೆನ್ನಿಗೆರಡು ಗುದ್ದಿದಳು. ಆಮೇಲೆ ಬಟ್ಟೆ ಹರಿದು ಬೆರಳಿಗೆ ಸುತ್ತಿದಳು.

“ನಿನ್ ಬೆರಳಲ್ಲಿ ಏನೂ ತಪ್ಪಿಲ್ಲ ಪುಟ್ಟಿ. ನಾಳೆ ನಾನೂ ಬರ್ತೀನಿ.”

ಬೆಳಿಗ್ಗೆ ಅಮ್ಮ ಗುಂಡಿಯ ಕಡೆ ಹೋಗಿ ಊಟದ ಡಬ್ಬಿ ಹಿಡಿದುಕೊಂಡು ಬಂದಳು. ಗೇಟಿನ ಕಾವಲುಗಾರ ಏನದು ಎಂದ. ಅಮ್ಮ ಬುತ್ತಿ ಎಂದಳು. ಹೆಸರು ಹೇಳಲು ಬಂದಿದ್ದೇವೆ ಎಂದ ಮೇಲೆ ನಮ್ಮನ್ನು ಸಾಲು ತಪ್ಪಿಸಿ, ಯಂತ್ರದ ಮುಂದೆ ಅಧಿಕಾರಿಯೊಬ್ಬನೇ ಕೂತಿದ್ದ ಕೋಣೆಯೊಳಗೆ ಬಿಟ್ಟರು.

“ಬಂದ್ಯಾ ದಾರಿಗೆ?” ಅಧಿಕಾರಿ ಕನ್ನಡಕ ಏರಿಸಿದ. “ಹೇಳು, ಯಾರು?”

“ಹೇಳ್ತೀನಿ ಸಾಹೇಬ್ರೆ. ನಿಮ್ ಕೈ ಕೊಡಿ.”

ನಾನು ಕೋಣೆಯ ಬಾಗಿಲಿಗೆ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತೆ. ಅಮ್ಮ ಅವನ ಮಣಿಕಟ್ಟು ಹಿಡಿದಳು. ನೀರು ಕುಡಿದ ಎಮ್ಮೆ ಚರ್ಮವನ್ನು ಒಬ್ಬಳೇ ಗುಂಡಿಯಿಂದ ಎಳೆಯುವ ಕೈ ಅದು. ಡಬ್ಬಿಯ ಮುಚ್ಚಳ ತೆಗೆದಾಗ ಕೋಣೆಯ ತುಂಬ ನಮ್ಮ ಗುಂಡಿಯ ನಾತ ಹರಡಿತು. ಅವನ ಹೆಬ್ಬೆರಳನ್ನು ಬುಡದವರೆಗೆ ಸುಣ್ಣದ ಕೆಸರಿನೊಳಗೆ ಅದುಮಿದಳು.

ಅವನು ಮೊದಲು ಬೈದ. ಆಮೇಲೆ ಕೂಗಿಕೊಂಡ. ಕನ್ನಡಕ ಬಿದ್ದು ಒಡೆಯಿತು. ಎಡಗೈಯಲ್ಲಿ ಅಮ್ಮನ ಮುಖಕ್ಕೆ ಗುದ್ದಿದ, ಅವಳ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಅವಳು ರೆಪ್ಪೆ ಕೂಡ ಒರೆಸಿಕೊಳ್ಳಲಿಲ್ಲ.

“ಸುಡ್ತಿದೆ! ಬಿಡೇ ಮುಂಡೆ! ಸುಡ್ತಿದೆ!”

“ಸುಡತ್ತೆ ಸಾಹೇಬ್ರೆ. ಸ್ವಲ್ಪ ದಿನ ಅಷ್ಟೆ, ಆಮೇಲೆ ಗೊತ್ತಾಗಲ್ಲ.”

ಹೊರಗಿನಿಂದ ಬಾಗಿಲಿಗೆ ಬೂಟು ಬೀಳುತ್ತಿದ್ದವು. ಒಂದೊಂದು ಒದೆತವೂ ನನ್ನ ಬೆನ್ನಿಗೇ ಬರುತ್ತಿತ್ತು. ಅವನ ಕೂಗು ಬಿಕ್ಕಿಗೆ ಇಳಿಯುವವರೆಗೂ ಅಮ್ಮ ಬೆರಳು ಎತ್ತಲಿಲ್ಲ. ಎತ್ತಿದಾಗ ಅದು ಬೆಳ್ಳಗೆ ಉಬ್ಬಿ, ಸಿಪ್ಪೆ ಏಳತೊಡಗಿತ್ತು. ತಂಗಿ ಬಟ್ಟೆ ಸುತ್ತಿದ ಕೈಯಿಂದ ಯಂತ್ರವನ್ನು ಅವನ ಕಡೆ ತಿರುಗಿಸಿದಳು. ಅಮ್ಮ ಆ ಬೆರಳನ್ನು ತನ್ನ ಸೆರಗಿನಿಂದ ಚೆನ್ನಾಗಿ ಒರೆಸಿ ಗಾಜಿನ ಮೇಲೆ ಒತ್ತಿದಳು.

ಕೆಂಪು ದೀಪ.

ಇನ್ನೊಮ್ಮೆ ಒತ್ತಿದಳು. ಕೆಂಪು ದೀಪ. ಚಿಲಕ ಕಿತ್ತುಬರತೊಡಗಿತ್ತು. ಅಮ್ಮ ಅವನ ಕಿವಿಯ ಹತ್ತಿರ ಬಾಗಿ, ಮಗುವನ್ನು ಕೇಳುವ ದನಿಯಲ್ಲಿ ಕೇಳಿದಳು:

“ಕೂಡ್ತಾನೇ ಇಲ್ವಲ್ಲ ಸಾಹೇಬ್ರೆ. ಹೇಳಿ, ನಿಮ್ ಬದ್ಲು ಪರೀಕ್ಷೆ ಬರ್ದೋರು ಯಾರು?”