ಬೇರೆ ಹಕ್ಕಿಯ ತಲೆ

ತಂಗಿಯ ಕೆನ್ನೆಗೆ ಬಾರಿಸಲಿಲ್ಲ. ಆ ದಿನ ನಾನು ತೋರಿಸಿದ ತಾಳ್ಮೆ ಅಷ್ಟೇ.

ಮ್ಯೂಸಿಯಂನ ಹಕ್ಕಿ ಕೋಣೆ ನನ್ನ ಉಸ್ತುವಾರಿ. ಅಲ್ಲಿನ ಹಕ್ಕಿಗಳು ಕೊಂಬೆಯ ಮೇಲೆ ಕೂತು ಪೋಸು ಕೊಡುವುದಿಲ್ಲ. ಒಳಗೆ ಹತ್ತಿ ತುಂಬಿ, ಕಾಲು ಜೋಡಿಸಿ, ಡ್ರಾಯರಿನಲ್ಲಿ ಅಂಗಾತ ಮಲಗಿಸಿರುತ್ತೇವೆ. ಸಂಶೋಧಕರು ಅಳೆದು ನೋಡಲು ಇಟ್ಟವು ಅವು. ಎಬ್ಬಿಸಿ ನಿಲ್ಲಿಸಿದರೆ ಒಣಗಿದ ಕತ್ತು ಮುರಿಯುತ್ತದೆ. ಕೆರೆಯೊಂದು ಬತ್ತಿದಾಗ ಅದರ ಜೊತೆಗೇ ಅಳಿದುಹೋದ ನೀರುಕೋಳಿಯೊಂದು ಅಲ್ಲಿತ್ತು. ಇಡೀ ಜಗತ್ತಿಗೆ ಅದೊಂದೇ. ಅದು ಬೇರೆಯದೇ ಜಾತಿ ಎನ್ನಲು ಇದ್ದ ಗುರುತು ಅದರ ಡೊಂಕು ಕೊಕ್ಕು ಮಾತ್ರ.

ಮಂತ್ರಿಗಳು ಬರುತ್ತಾರೆಂದು ನಮ್ಮ ನಿರ್ದೇಶಕರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನು ರಜೆಯಲ್ಲಿದ್ದಾಗ ಆ ಹಕ್ಕಿಯನ್ನೇ ತೆಗೆಸಿ, ಪ್ರದರ್ಶನದ ಅಲಂಕಾರ ಮಾಡುವ ನನ್ನ ತಂಗಿಯ ಕೈಗೆ ಕೊಟ್ಟು, ನಿಲ್ಲಿಸು ಎಂದರು. ಅವಳು ತಂತಿ ಚುಚ್ಚಿದಳು. ತಲೆ ಕಳಚಿ ಬಿದ್ದು ಅವಳ ಕಾಲಡಿಗೇ ಸಿಕ್ಕಿ ಪುಡಿಯಾಯಿತು. ಗಾಬರಿಯಲ್ಲಿ ಪಕ್ಕದ ಡ್ರಾಯರಿನ ಮಾಮೂಲಿ ನೀರುಕೋಳಿಯ ತಲೆ ಕಿತ್ತು ಇದಕ್ಕೆ ಅಂಟಿಸಿಬಿಟ್ಟಳು!

"ಬಣ್ಣ ಒಂದೇ ಥರ ಇತ್ತಲ್ಲಕ್ಕಾ..." ಎಂದಳು ಅಳುತ್ತಾ, ಮಂತ್ರಿಗಳು ಬರುವ ಹಿಂದಿನ ದಿನ ನಾನು ರಜೆ ಮುಗಿಸಿ ಬಂದು ಕೇಳಿದಾಗ.

ಬಣ್ಣವಂತೆ! ಸೀರೆಗೆ ಬ್ಲೌಸ್ ಹೊಂದಿಸಿದ ಹಾಗೆ. ನಾನು ಉರಿದುಕೊಂಡು ನಿರ್ದೇಶಕರ ಕೋಣೆಗೆ ನುಗ್ಗಿದೆ.

"ತಲೆ ಇದ್ಯಲ್ಲಮ್ಮ, ಇನ್ನೇನ್ ಬೇಕು?" ಎಂದರು ಅವರು ಚಹಾ ಹೀರುತ್ತಾ. "ನಾಳೆ ಬಾಯಿ ಬಿಟ್ರೆ ನಿನ್ ತಂಗಿ ಕೆಲ್ಸಾನೇ ಹೋಗೋದು. ನೋಡ್ಕೋ."

ತಪ್ಪು ಮಾಡಿಸಿದ್ದು ತಾವು, ಅಡಗಿಕೊಳ್ಳಲು ನನ್ನ ತಂಗಿಯ ಬೆನ್ನು. ಆ ನಾಚಿಕೆಗೆಟ್ಟ ಮುಖ ನೋಡಿದ ಮೇಲೆ ನಾನು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ಸುಳ್ಳು ತಲೆಯನ್ನು ಬಿಡಿಸಿ, ತಂತಿ ಕಿತ್ತು, ಹಕ್ಕಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಅಂಗಾತ ಮಲಗಿಸಿದೆ.

ಮಂತ್ರಿಗಳು ಬಗ್ಗಿ ನೋಡಿದರು. "ಇದಕ್ಕೆ ತಲೇನೇ ಇಲ್ವಲ್ರೀ?"

"ನಿಮಗೆ ಚೆನ್ನಾಗಿ ಕಾಣ್ಲಿ ಅಂತ ನಿಲ್ಲಿಸೋಕೆ ಹೋಗಿ ಮುರಿದ್ರು ಸಾರ್. ಇಂಥದ್ದು ಜಗತ್ತಲ್ಲಿ ಇನ್ನೊಂದಿಲ್ಲ," ಎಂದೆ.

"ಯಾರ್ರೀ ಮುರಿದಿದ್ದು?"

ನಿರ್ದೇಶಕರು ಕಣ್ಣು ಕೂಡ ಮಿಟುಕಿಸದೆ, ಹೂಕುಂಡ ಹಿಡಿದು ನಿಂತಿದ್ದ ನನ್ನ ತಂಗಿಯ ಕಡೆ ಕೈ ತೋರಿಸಿದರು. ನಿಲ್ಲಿಸಲು ಹೇಳಿದ್ದೇ ಇವರು ಎಂದು ನಾನು ಕೂಗಿದೆ. ಅಷ್ಟರಲ್ಲಿ ಮಂತ್ರಿಗಳು ಚಿಟ್ಟೆಗಳ ಕಡೆ ಹೊರಟುಹೋಗಿದ್ದರು.

ತಂಗಿಯ ಕೆಲಸ ಸಂಜೆಗೇ ಹೋಯಿತು. "ಸತ್ತ ಹಕ್ಕಿಗೋಸ್ಕರ ನನ್ ಹೊಟ್ಟೆ ಮೇಲೆ ಹೊಡೆದ್ಯಲ್ಲೇ," ಎಂದು ಫೋನಿಟ್ಟವಳು ಮತ್ತೆ ಮಾತಾಡಿಲ್ಲ. ನಿರ್ದೇಶಕರು ಈಗಲೂ ಅದೇ ಕುರ್ಚಿಯಲ್ಲಿದ್ದಾರೆ. ನಾನು ಗುರಿಯಿಟ್ಟಿದ್ದು ಅವರಿಗೆ.