ಎರಡು ಸಲ ತಟ್ಟುವವನು

೨೦೧೯ರ ಮಾರ್ಚ್ ೧೪, ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಗಾಳಿಯಣ್ಣನನ್ನು ಸಾಯಿಸುವುದೆಂದು ತೀರ್ಮಾನವಾಯಿತು.

ಗಾಳಿಯಣ್ಣ ಟಿವಿ ಧಾರಾವಾಹಿಯೊಂದರ ಪಾತ್ರ. ಆ ಧಾರಾವಾಹಿಯಲ್ಲಿ ಒಂಬತ್ತು ಜನರನ್ನು ಹೊತ್ತ ಆಕಾಶನೌಕೆಯೊಂದು ಮೂರು ವರ್ಷದಿಂದ ಭೂಮಿಗೆ ಮರಳುತ್ತಲೇ ಇತ್ತು. ನೌಕೆಯ ಗಾಳಿಯಂತ್ರಗಳನ್ನು ನೋಡಿಕೊಳ್ಳುವವನು ಗಾಳಿಯಣ್ಣ. ಗೋಡೆಯ ಮೇಲಿನ ಮುಳ್ಳಿನ ಮಾಪಕ ನೋಡಿ, "ಒತ್ತಡ ಸರಿಯಿದೆ, ಕ್ಯಾಪ್ಟನ್" ಎನ್ನಬೇಕು. ಕ್ಯಾಪ್ಟನ್ ತಲೆಯಾಡಿಸಿದರೆ ಆ ಕಂತಿನಲ್ಲಿ ಅವನ ಕೆಲಸ ಮುಗಿಯಿತು.

ಕಥೆಯ ಚರ್ಚೆ ನಡೆದಿದ್ದ ಮೇಜಿನ ಕೊನೆಯಲ್ಲಿ ಕೂತಿದ್ದವಳ ಎದೆ ಧಸಕ್ಕೆಂದಿತು. ಕಂಟಿನ್ಯುಟಿ ನೋಡಿಕೊಳ್ಳುವುದು ಅವಳ ಕೆಲಸ. ಒಂದು ಶಾಟಿನಲ್ಲಿ ಬಲಗೈಯಲ್ಲಿದ್ದ ಲೋಟ ಮುಂದಿನ ಶಾಟಿನಲ್ಲಿ ಎಡಗೈಗೆ ಹೋಗದಂತೆ ಎಲ್ಲವನ್ನೂ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದಳು. ಕೊರಳಲ್ಲಿ ಸದಾ ಸ್ಟಾಪ್‌ವಾಚ್ ತೂಗುತ್ತಿದ್ದುದರಿಂದ ಸೆಟ್ಟಿನವರೆಲ್ಲ ಅವಳನ್ನು ಗಡಿಯಾರದಮ್ಮ ಎನ್ನುತ್ತಿದ್ದರು. ಗಾಳಿಯಣ್ಣನ ಪಾತ್ರ ಮಾಡುತ್ತಿದ್ದವರು ಅವಳ ಅಕ್ಕನ ಗಂಡ. ಕಾಲೇಜಿನ ಪ್ರಯೋಗಾಲಯದ ಕೆಲಸ ಬಿಡಿಸಿ ಅವರನ್ನು ಇಲ್ಲಿಗೆ ಕರೆತಂದವಳು ಅವಳೇ. "ಇವತ್ತಲ್ಲ ನಾಳೆ ನನಗೂ ಒಂದು ದೃಶ್ಯ ಬರುತ್ತೆ ಬಿಡೆ" ಎಂದು ಭಾವ ಮೂರು ವರ್ಷದಿಂದ ಹೇಳುತ್ತಿದ್ದರು. ಎಪ್ಪತ್ತಾರು ಕಂತುಗಳಲ್ಲಿ ಅವರು ಮಾತಾಡಿದ್ದು ಒಟ್ಟು ಆರು ನಿಮಿಷ ಇಪ್ಪತ್ತು ಸೆಕೆಂಡು. ಅದನ್ನು ಅವಳು ಕೂಡಿಸಿ ಇಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ.

"ಎಪ್ಪತ್ತೊಂಬತ್ತನೇ ಕಂತಲ್ಲಿ ಅವನು ಹೋಗ್ಲಿ. ಕ್ಯಾಪ್ಟನ್ ಅಳೋಕೆ ಒಂದು ಕಾರಣ ಬೇಕು" ಎಂದ ಕಥೆ ಬರೆಯುವವನು.

"ಅಳೋಕೆ ಅವನ ಮುಖ ಜನಕ್ಕೆ ನೆನಪಿರಬೇಕಲ್ರೀ" ಎಂದರು ನಿರ್ದೇಶಕರು.

"ಸತ್ತ ಮೇಲೆ ನೆನಪಾಗುತ್ತೆ ಬಿಡಿ ಸಾರ್."

"ಅದೂ ಸರಿ ಅನ್ನಿ. ಆದ್ರೆ ಗಾಳಿ ಕೊಳವೆ ಮೂರು ಕಂತಿನಿಂದ ಸೋರ್ತಾ ಇತ್ತು, ಅದು ಒಡೆದು ಸಾಯ್ತಾನೆ ಅಂತೀರಿ. ನೋಡ್ಕೊಳ್ಳೋಕೆ ಅಂತಾನೇ ಒಬ್ಬ ಇದ್ದಾನೆ. ಅವನಿಗೆ ಗೊತ್ತಾಗಲಿಲ್ವಾ?"

ಬರೆಯುವವನು ಪೆನ್ನಿನ ತುದಿ ಕಚ್ಚಿದ. "ಅವನು ಸ್ವಲ್ಪ ದಡ್ಡ ಅಂದ್ಕೊಳ್ಳೋಣ."

ಆ ಮಾತು ಅವಳಿಗೆ ಚುರುಕ್ಕೆಂದಿತು. ಪಾತ್ರ ಒಪ್ಪಿಕೊಂಡ ವಾರವೇ ಭಾವ ನೀರು ಶುದ್ಧೀಕರಿಸುವ ಘಟಕಕ್ಕೆ ಹೋಗಿ ನಾಲ್ಕು ದಿನ ಅಲ್ಲಿನ ಆಪರೇಟರ್ ಪಕ್ಕದಲ್ಲಿ ನಿಂತಿದ್ದರು. ಹಳೆಯ ಮಾಪಕದ ಮುಳ್ಳು ಒಮ್ಮೊಮ್ಮೆ ಸಿಕ್ಕಿಕೊಂಡು ಸುಳ್ಳು ಹೇಳುತ್ತದೆ, ನಂಬುವ ಮೊದಲು ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಬೇಕು ಎಂದು ಆತ ಹೇಳಿಕೊಟ್ಟಿದ್ದ. ಅಂದಿನಿಂದ ಭಾವ ಮನೆಯ ತೂಕದ ಯಂತ್ರವನ್ನೂ ತಟ್ಟಿಯೇ ಹತ್ತುತ್ತಿದ್ದರು. "ಎಷ್ಟು ತಟ್ಟಿದ್ರೂ ನಿಮ್ಮ ತೂಕ ಇಳಿಯಲ್ಲ" ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು. ಸೆಟ್ಟಿನಲ್ಲಿ ಅವರು ಮಾಪಕ ತಟ್ಟುವುದನ್ನು ಯಾರೂ ಗಮನಿಸಿರಲಿಲ್ಲ. ಅವಳೊಬ್ಬಳು ಬರೆದುಕೊಂಡಿದ್ದಳು, ಶಾಟ್ ಹೊಂದಬೇಕಲ್ಲ ಎಂಬ ಒಂದೇ ಕಾರಣಕ್ಕೆ.

"ದಡ್ಡ ಅಲ್ಲ ಸಾರ್" ಎಂದು ರಿಜಿಸ್ಟರ್ ತೆರೆದಳು. ಮುಂದಿನ ಮಾತು ಹೇಳಿದರೆ ತನ್ನ ತಪ್ಪನ್ನೂ ಹೇಳಬೇಕಿತ್ತು. "ಎಪ್ಪತ್ತೈದು ಕಂತಲ್ಲೂ ಮಾಪಕ ಎರಡು ಸಲ ತಟ್ಟಿ ಆಮೇಲೆ ಮಾತಾಡಿದ್ದಾರೆ. ಎಪ್ಪತ್ತಾರರಲ್ಲಿ ಮಾತ್ರ ತಟ್ಟಲಿಲ್ಲ. ಗಾಜು ಆಗಷ್ಟೇ ಅಂಟಿಸಿದ್ರು, ಮುಟ್ಟಬೇಡಿ ಅಂತ ಸೆಟ್ಟಿನವರು ಹೇಳಿದ್ರು. ನಾನು ಬರ್ಕೊಂಡೆ, ಮತ್ತೆ ತೆಗೀಬೇಕು ಅಂತ ನಿಮಗೆ ಹೇಳಲಿಲ್ಲ. ಊಟದ ಹೊತ್ತಾಗಿತ್ತು."

"ಎಪ್ಪತ್ತೇಳು, ಎಪ್ಪತ್ತೆಂಟರಲ್ಲಿ?"

"ಅವೆರಡರಲ್ಲೂ ಅವರಿಗೆ ದೃಶ್ಯವೇ ಇಲ್ಲ. ನೀವೇ ತೆಗೆದುಹಾಕಿದ್ರಿ."

ಬೈಗುಳ ಬೀಳುತ್ತದೆಂದು ಅವಳು ತಲೆ ತಗ್ಗಿಸಿ ಕಾದಳು. ಬರೆಯುವವನು ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡು ಪುಟ ತಿರುಗಿಸಿದ, ಹಿಂದಕ್ಕೆ, ಮತ್ತೆ ಮುಂದಕ್ಕೆ.

"ಹಾಗಾದ್ರೆ ಆವತ್ತು ಮುಳ್ಳು ಸಿಕ್ಕಿಕೊಂಡಿತ್ತು" ಎಂದ ನಿಧಾನವಾಗಿ. "ಸೋರೋಕೆ ಶುರುವಾಗಿದ್ದೇ ಆವತ್ತು. ತಾನು ತಟ್ಟಲಿಲ್ಲ ಅಂತ ಅವನೊಬ್ಬನಿಗೇ ಗೊತ್ತು. ಎರಡು ಕಂತು ಅದನ್ನ ಹೊಟ್ಟೇಲಿ ಇಟ್ಕೊಂಡು ತಿರುಗಿದ್ದಾನೆ."

"ಬಂದು ಹೇಳಬೇಕಾದವನೂ ಅವನೇ" ಎಂದರು ನಿರ್ದೇಶಕರು. "ಸಾಯಿಸಿಬಿಟ್ರೆ ಹೇಳೋರು ಯಾರ್ರೀ?"

ಗಂಟೆ ಒಂಬತ್ತು ನಲವತ್ತೊಂದು. ಗಡಿಯಾರದಮ್ಮನಿಗೆ ಹೋದ ಜೀವ ಬಂದಂತಾಯಿತು. ನಿರ್ದೇಶಕರು ಏಳುತ್ತಾ, "ಇನ್ನೊಂದ್ಸಲ ಇಂಥ ತಪ್ಪು ಕಂಡ್ರೆ ಆವಾಗಲೇ ಬಾಯಿ ಬಿಡಮ್ಮ, ಊಟ ಎಲ್ಲಿಗೂ ಓಡಿಹೋಗಲ್ಲ" ಎಂದರು. ಬೈಗುಳ ಅಷ್ಟೇ. ಅದನ್ನು ಅವಳು ಬಹುಮಾನದಂತೆ ಇಸಿದುಕೊಂಡಳು.

ಮೇಕಪ್ ಕೋಣೆಯಲ್ಲಿ ಭಾವ ಕನ್ನಡಿಯ ಮುಂದೆ ಒಬ್ಬರೇ ಕೂತಿದ್ದರು. ಅವಳ ಮುಖ ನೋಡಿದವರೇ, "ಸಾಯಿಸ್ತಾರಂತೆ, ಅಲ್ವಾ? ಡ್ರೈವರ್‌ಗೂ ಗೊತ್ತಾಗಿದೆ. ನಿಮ್ಮಕ್ಕನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಹಾಕಬೇಡ" ಎಂದರು.

"ಇಲ್ಲ ಭಾವ, ಉಳಿಸ್ಕೊಂಡ್ರು. ದೃಶ್ಯವೂ ಕೊಟ್ಟಿದ್ದಾರೆ."

"ಒತ್ತಡ ಸರಿಯಿಲ್ಲ ಅಂತಾನಾ? ಒಂದಕ್ಷರ ಬದಲಾಯ್ತು ನೋಡು."

"ಐದು ಪುಟ ಬರೀತಾರಂತೆ."

ಭಾವ ಕೈಯೆತ್ತಿ ಎದುರಿನ ಕನ್ನಡಿಯನ್ನು ಬೆರಳಿನಿಂದ ಎರಡು ಸಲ ತಟ್ಟಿ, ಅದರಲ್ಲಿ ಕಂಡ ಅವಳ ಮುಖವನ್ನೇ ನೋಡಿದರು. ಅವಳು ನಗುತ್ತಲೇ ಇದ್ದಳು. ಆಗ ಅವರ ಭುಜ ಸಡಿಲಾಯಿತು.

ಮುಂದಿನ ಶುಕ್ರವಾರ ಆ ದೃಶ್ಯ ತೆಗೆದರು. ಭಾವ ಮಾಪಕಕ್ಕೆ ಬೆನ್ನು ಮಾಡಿ ನಿಂತು, "ಆವತ್ತು ನಾನು ತಟ್ಟಲಿಲ್ಲ, ಕ್ಯಾಪ್ಟನ್" ಎಂದು ಶುರು ಮಾಡಿದರು. ಕ್ಯಾಪ್ಟನ್ ಪಾತ್ರದವನು ತಲೆಯಾಡಿಸುವುದನ್ನೇ ಮರೆತ. ನಿರ್ದೇಶಕರು ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಮುಗಿದಾಗ ಗಡಿಯಾರದಮ್ಮ ಗುಂಡಿ ಒತ್ತಿ, ಕಣ್ಣೊರೆಸಿಕೊಂಡು, ರಿಜಿಸ್ಟರಿನಲ್ಲಿ ಬರೆದಳು: ಕಂತು ೭೯, ಗಾಳಿಯಣ್ಣ, ಒಂದೇ ಟೇಕ್, ೪ ನಿಮಿಷ ೩೮ ಸೆಕೆಂಡು.